ಪಿಟ್ಯುಟರಿಯ ಹಿಂಭಾಗ ಗ್ರಂಥಿಯಂತೆ ಏಕೆ ಕಾಣುವುದಿಲ್ಲ?

ಪ್ರಶ್ನೆ: ಕಾಲೇಜಿನ ಪ್ರಯೋಗಾಲಯದಲ್ಲಿ ಪಿಟ್ಯುಟರಿ ಗ್ರಂಥಿಯ ಸ್ಲೈಡ್ ತೋರಿಸಿದರು. ಒಂದು ಬದಿಯಲ್ಲಿ ಬಣ್ಣಬಣ್ಣದ ಜೀವಕೋಶಗಳು ಕಿಕ್ಕಿರಿದಿದ್ದವು. ಇನ್ನೊಂದು ಬದಿ ಪೇಲವವಾಗಿ, ನಾರುನಾರಾಗಿತ್ತು. ಎರಡೂ ಹಾರ್ಮೋನು ಸುರಿಸುವ ಭಾಗಗಳೇ ಆಗಿರುವಾಗ ಇಷ್ಟೊಂದು ವ್ಯತ್ಯಾಸವೇಕೆ?

ಉತ್ತರ: ಹಿಂಭಾಗ ಹಾರ್ಮೋನನ್ನು ತಯಾರಿಸುವುದೇ ಇಲ್ಲ, ಅದಕ್ಕೆ. ಅಲ್ಲಿ ನಡೆಯುವುದು ದಾಸ್ತಾನು ಮತ್ತು ಬಿಡುಗಡೆ ಮಾತ್ರ.

ಸುಮಾರು ಅರ್ಧ ಗ್ರಾಂ ತೂಗುವ, ತಲೆಬುರುಡೆಯ ತಳದ ಕುಳಿಯಲ್ಲಿ ಅಡಗಿರುವ ಈ ಗ್ರಂಥಿ ಭ್ರೂಣದಲ್ಲಿ ಎರಡು ದಿಕ್ಕುಗಳಿಂದ ಬಂದು ಕೂಡಿಕೊಂಡದ್ದು. ಮುಂಭಾಗ ಎಳೆಯ ಭ್ರೂಣದ ಬಾಯಿಯ ಮೇಲ್ಗೋಡೆಯಿಂದ ಮೇಲಕ್ಕೆ ಚಾಚಿದ ‘ರಾಥ್ಕೆ ಚೀಲ’ದಿಂದ ಹುಟ್ಟುತ್ತದೆ. ಹಿಂಭಾಗ ಮಿದುಳಿನ ತಳದಿಂದ ಕೆಳಕ್ಕಿಳಿದ ಕುಡಿ. ಹೀಗಾಗಿ ನೀವು ಒಂದೇ ಸ್ಲೈಡಿನಲ್ಲಿ ಎರಡು ಬೇರೆ ಅಂಗಾಂಶಗಳನ್ನು ನೋಡಿದ್ದೀರಿ.

ಮೊದಲು ಮುಂಭಾಗವನ್ನು ಹೆಚ್ಚಿನ ವರ್ಧನೆಯಲ್ಲಿ ನೋಡಿ. ಜೀವಕೋಶಗಳು ಗುಂಪುಗುಂಪಾಗಿ, ಎಳೆಎಳೆಯಾಗಿ ನಿಂತಿವೆ. ನಡುನಡುವೆ ಅಗಲವಾದ ಲೋಮನಾಳಗಳು, ಎಂದರೆ ತೆಳುಗೋಡೆಯ ಸೂಕ್ಷ್ಮ ರಕ್ತನಾಳಗಳು. ಇದು ನಿರ್ನಾಳ ಗ್ರಂಥಿ, ಸ್ರಾವ ಹೊರಹೋಗಲು ಕೊಳವೆಯಿಲ್ಲ. ಆದ್ದರಿಂದ ಪ್ರತಿ ಕೋಶವೂ ರಕ್ತದ ಮಗ್ಗುಲಲ್ಲೇ ಇರಬೇಕು, ಲೋಮನಾಳದ ಗೋಡೆಯಲ್ಲಿ ಸೂಕ್ಷ್ಮ ರಂಧ್ರಗಳೂ ಇರಬೇಕು. ಹೆಮಟಾಕ್ಸಿಲಿನ್ ಮತ್ತು ಇಯೋಸಿನ್ ಬಣ್ಣ ಹಾಕಿದಾಗ ಕೆಲವು ಕೋಶಗಳ ಒಳಗಿನ ಕಣಗಳು ಕೆಂಪಾಗುತ್ತವೆ. ಇವು ಅಸಿಡೋಫಿಲ್‌ಗಳು: ಬೆಳವಣಿಗೆಯ ಹಾರ್ಮೋನು ಮತ್ತು ಹಾಲೂಡಿಸಲು ಬೇಕಾದ ಪ್ರೊಲ್ಯಾಕ್ಟಿನ್ ತಯಾರಿಸುವಂಥವು. ನೇರಳೆ ನೀಲಿಗೆ ತಿರುಗುವವು ಬೇಸೋಫಿಲ್‌ಗಳು: ಥೈರಾಯ್ಡ್, ಅಡ್ರಿನಲ್, ಅಂಡಾಶಯ ಮತ್ತು ವೃಷಣಗಳನ್ನು ಪ್ರಚೋದಿಸುವಂಥವು. ಬಣ್ಣವನ್ನೇ ಹಿಡಿಯದ ಕ್ರೋಮೋಫೋಬ್‌ಗಳೂ ಇವೆ. ಅವುಗಳಲ್ಲಿ ಅನೇಕವು ತಮ್ಮ ಕಣಗಳನ್ನು ಆಗಲೇ ಖಾಲಿ ಮಾಡಿಕೊಂಡಿರುವ ಕೋಶಗಳು.

ಪರೀಕ್ಷೆಗೆ ಓದುವವರು ಇಲ್ಲಿ ಒಂದು ಎಚ್ಚರಿಕೆ ವಹಿಸಬೇಕು. ಬಣ್ಣ ನೋಡಿ ಹಾರ್ಮೋನಿನ ಹೆಸರು ಹೇಳಲಾಗದು. ಎರಡು ಕೆಂಪು ಕೋಶಗಳಲ್ಲಿ ಯಾವುದು ಬೆಳವಣಿಗೆಯದು, ಯಾವುದು ಪ್ರೊಲ್ಯಾಕ್ಟಿನ್‌ನದು ಎಂದು ಈ ಬಣ್ಣಗಳು ತಿಳಿಸುವುದಿಲ್ಲ. ಅದಕ್ಕೆ ಆಯಾ ಹಾರ್ಮೋನನ್ನೇ ಹುಡುಕಿ ಅಂಟಿಕೊಳ್ಳುವ ಪ್ರತಿಕಾಯಗಳನ್ನು ಬಳಸಬೇಕು. ಪಿಟ್ಯುಟರಿ ಗೆಡ್ಡೆಗಳನ್ನು ಗುರುತಿಸುವ ರೋಗಶಾಸ್ತ್ರಜ್ಞರು ಇಂದು ನೆಚ್ಚಿಕೊಂಡಿರುವುದು ಆ ವಿಧಾನವನ್ನೇ.

ಈಗ ಹಿಂಭಾಗ. ನಾರಿನಂತೆ ಕಂಡದ್ದು ನರತಂತುಗಳು. ಅವುಗಳ ಕೋಶಕಾಯಗಳು ಇಲ್ಲಿಲ್ಲ, ಮೇಲೆ ಮಿದುಳಿನ ತಳದ ಭಾಗವಾದ ಹೈಪೋಥಲಾಮಸ್‌ನಲ್ಲಿವೆ. ನೀರನ್ನು ಉಳಿಸಿಕೊಳ್ಳಲು ಮೂತ್ರಪಿಂಡಕ್ಕೆ ಹೇಳುವ ವ್ಯಾಸೋಪ್ರೆಸಿನ್, ಹೆರಿಗೆಯಲ್ಲಿ ಗರ್ಭಕೋಶವನ್ನು ಹಿಂಡುವ ಆಕ್ಸಿಟೋಸಿನ್, ಎರಡೂ ತಯಾರಾಗುವುದು ಅಲ್ಲೇ. ತಂತುಗಳ ಒಳಗೇ ಅವು ಕೆಳಗಿಳಿದು ಬರುತ್ತವೆ. ದಾರಿಯಲ್ಲಿ ಅಲ್ಲಲ್ಲಿ ತಂತು ಉಬ್ಬಿ, ಒಳಗೆ ಹಾರ್ಮೋನಿನ ಕಣಗಳು ಶೇಖರವಾಗಿರುತ್ತವೆ. ಲೋಮನಾಳಗಳ ಹತ್ತಿರ ನಸುಗೆಂಪು, ನುಣುಪಾದ, ಕೇಂದ್ರಕವಿಲ್ಲದ ಮುದ್ದೆಗಳು ಕಂಡರೆ ಅವೇ ಇವು. ಹೆರಿಂಗ್ ಕಾಯಗಳೆಂದು ಹೆಸರು. ಸುತ್ತಲೂ ಚದುರಿದ ಕೇಂದ್ರಕಗಳಲ್ಲಿ ಬಹುಪಾಲು ಪಿಟ್ಯುಸೈಟ್ ಎಂಬ ಆಸರೆಯ ಕೋಶಗಳವು. ಒಂದು ಕಾಲದಲ್ಲಿ ಹಾರ್ಮೋನು ತಯಾರಿಸುವವು ಈ ಪಿಟ್ಯುಸೈಟ್‌ಗಳೇ ಎಂದು ಹಲವರು ನಂಬಿದ್ದರು. 1949ರಲ್ಲಿ ಜರ್ಮನಿಯ ವೋಲ್ಫ್‌ಗಾಂಗ್ ಬಾರ್ಗ್‌ಮನ್ ವಿಶೇಷ ಬಣ್ಣವೊಂದನ್ನು ಬಳಸಿ, ಹೈಪೋಥಲಾಮಸ್‌ನಿಂದ ಹಿಂಭಾಗದವರೆಗೆ ಸ್ರಾವದ ಹಾದಿಯನ್ನು ನಿರಂತರವಾಗಿ ತೋರಿಸಿದರು. ನನ್ನ ಮಟ್ಟಿಗೆ ಸೂಕ್ಷ್ಮದರ್ಶಕದ ಕೆಲಸದಲ್ಲಿ ಇಷ್ಟು ಸೊಗಸಾದ ಪುರಾವೆಗಳು ವಿರಳ.

ಶಸ್ತ್ರಚಿಕಿತ್ಸೆಯಲ್ಲಿ ಹಿಂಭಾಗಕ್ಕೆ ಮಾತ್ರ ಪೆಟ್ಟಾದಾಗ ವ್ಯಾಸೋಪ್ರೆಸಿನ್ ಕೊರತೆಯಿಂದಾಗುವ ಅತಿಮೂತ್ರದ ತೊಂದರೆ ಅನೇಕ ವೇಳೆ ಕೆಲ ದಿನಗಳಲ್ಲೇ ಇಳಿಯುವುದಕ್ಕೂ ಇದೇ ಕಾರಣ. ತಯಾರಿಸುವ ಕೋಶಗಳು ಮೇಲೆ ಸುರಕ್ಷಿತವಾಗಿರುತ್ತವೆ.

ಮುಂಭಾಗಕ್ಕೆ ಆ ಅನುಕೂಲವಿಲ್ಲ. ಅದಕ್ಕೆ ರಕ್ತ ಬರುವುದು ಹೆಚ್ಚಾಗಿ ಹೈಪೋಥಲಾಮಸ್‌ ಬಳಿಯಿಂದ ಇಳಿಯುವ ಕಡಿಮೆ ಒತ್ತಡದ ಅಭಿಧಮನಿಗಳ ಮೂಲಕ. ಹೈಪೋಥಲಾಮಸ್‌ನ ಆಜ್ಞೆಗಳೂ ಆ ರಕ್ತದಲ್ಲೇ ಬರುತ್ತವೆ. ಗರ್ಭಿಣಿಯಲ್ಲಿ ಪ್ರೊಲ್ಯಾಕ್ಟಿನ್ ಕೋಶಗಳು ಹೆಚ್ಚಿ ಗ್ರಂಥಿ ದಪ್ಪವಾಗುತ್ತದೆ, ಹೆಚ್ಚು ರಕ್ತ ಬೇಡುತ್ತದೆ. ಅದೇ ಹೊತ್ತಿಗೆ ಹೆರಿಗೆಯಲ್ಲಿ ತೀವ್ರ ರಕ್ತಸ್ರಾವವಾಗಿ ಒತ್ತಡ ಕುಸಿದರೆ ಮುಂಭಾಗದ ಕೋಶಗಳು ಸಾಯುತ್ತವೆ. ತನ್ನದೇ ಅಪಧಮನಿಯಿರುವ ಹಿಂಭಾಗ ಬಹುಮಟ್ಟಿಗೆ ಪಾರಾಗುತ್ತದೆ. ಇದು ಶೀಹನ್ ಸಿಂಡ್ರೋಮ್. ಬಾಣಂತಿಗೆ ಎದೆಹಾಲು ಬಾರದಿರುವುದು, ಮುಂದೆ ಮುಟ್ಟು ಮರಳದಿರುವುದು, ಬಿಡದ ಸುಸ್ತು ಇದರ ಲಕ್ಷಣಗಳು. ಇವನ್ನು ಬಾಣಂತನದ ನಿತ್ರಾಣವೆಂದು ತಳ್ಳಿಹಾಕಿ ವರ್ಷಗಟ್ಟಲೆ ಕಳೆಯುವವರಿದ್ದಾರೆ. ಹೆರಿಗೆಯಲ್ಲಿ ಬಹಳ ರಕ್ತ ಹೋಗಿತ್ತೆಂಬ ಒಂದು ಮಾತನ್ನು ವೈದ್ಯರಿಗೆ ಹೇಳಿದರೆ, ರಕ್ತಪರೀಕ್ಷೆಯಲ್ಲಿ ಹಾರ್ಮೋನುಗಳ ಕೊರತೆಯನ್ನು ಕಂಡುಕೊಂಡು ಮಾತ್ರೆಗಳಿಂದ ತುಂಬಿಕೊಡಬಹುದು.