ಸುಖಾಂತ್ಯದ ಬೀಜ ಬಿತ್ತುವುದು ಎಲ್ಲಿ?

ವಿಜ್ಞಾನ ಕತೆ ಸುಖವಾಗಿ ಮುಗಿದರೆ ಓದುಗರು ಮೂಗು ಮುರಿಯುತ್ತಾರೆಂಬ ಭಯ ಹೊಸಬರಲ್ಲಿ ಬಹಳ. ಅದಕ್ಕೇ ಕೊನೇ ಪುಟದಲ್ಲಿ ಎಲ್ಲರನ್ನೂ ಸಾಯಿಸಿ ಕೈ ತೊಳೆದುಕೊಳ್ಳುತ್ತಾರೆ. ಓದುಗರಿಗೆ ಸುಖ ಬೇಡವೆಂದೇನಿಲ್ಲ, ಬಿಟ್ಟಿ ಸಿಕ್ಕ ಸುಖವನ್ನು ಅವರು ನಂಬುವುದಿಲ್ಲ ಅಷ್ಟೆ.

ಒಂದು ಕತೆ ಕಟ್ಟಿಯೇ ನೋಡೋಣ. 2090ನೇ ಇಸವಿ. ಕೆ.ಆರ್.ಎಸ್. ಗೇಟುಗಳಿಂದ ವಿಶ್ವೇಶ್ವರಯ್ಯ ನಾಲೆಯ ಕಟ್ಟಕಡೆಯ ತೂಬಿನವರೆಗೆ ಎಲ್ಲವೂ ಯಂತ್ರದ ಲೆಕ್ಕದಲ್ಲಿ. ನಾಲೆಯ ಕೊನೆಭಾಗದ ಒಂದು ಊರಿಗೆ ಅದು ನೀರು ನಿಲ್ಲಿಸಿದೆ. ಗದ್ದೆಗಳಿಗೆ ನೀರು ಬಿಡುತ್ತಿದ್ದ ನೀರುಗಂಟಿಯೊಬ್ಬನ ಮೊಮ್ಮಗಳು ನೀರು ತರಬೇಕು. ಮೊದಲ ಕರಡಿನಲ್ಲಿ ಸಾಮಾನ್ಯವಾಗಿ ಮಳೆ ಹುಯ್ಯುತ್ತದೆ, ಇಲ್ಲವೇ ಅವಳ ಕಣ್ಣೀರಿಗೆ ಯಂತ್ರ ಕರಗುತ್ತದೆ. ಮಳೆ ಅವಳು ಮಾಡಿದ ಯಾವ ಕೆಲಸದಿಂದಲೂ ಬಂದದ್ದಲ್ಲ. ಕತೆಯುದ್ದಕ್ಕೂ ಬರೀ ಲೆಕ್ಕ ನೋಡಿದ ಯಂತ್ರಕ್ಕೆ ಕಡೇ ಗಳಿಗೆಯಲ್ಲಿ ಕರುಳು ಬರಲು ಕಾರಣವೂ ಇಲ್ಲ.

ದಾರಿ ಯಂತ್ರದ ನಿಯಮದೊಳಗೇ ಇರಬೇಕು. ನಿಯಮ ಹೀಗಿರಲಿ: ತೂಬೊಂದಕ್ಕೆ ಒಂದೇ ಸೆನ್ಸರ್, ಅದಿರುವ ಜಮೀನಿನಲ್ಲಿ ನಿಂತ ಬೆಳೆ ಕಂಡರಷ್ಟೇ ಆ ತೂಬಿಗೆ ಮುಂದಿನ ಕಟ್ಟಿನ, ಅಂದರೆ ಮುಂದಿನ ಸರದಿಯ, ನೀರು. ನೀರಿಲ್ಲದೆ ಬೆಳೆಯಿಲ್ಲ, ಬೆಳೆಯಿಲ್ಲದೆ ನೀರಿಲ್ಲ. ಊರನ್ನು ಕೊಲ್ಲುತ್ತಿರುವುದೇ ಈ ನಿಯಮ, ಉಳಿಸುವುದೂ ಇದೇ. ಊರಲ್ಲಿ ಉಳಿದಿರುವ ಬೋರ್‌ವೆಲ್ ನೀರನ್ನೆಲ್ಲ ಸೆನ್ಸರ್ ಇರುವ ಒಂದು ಎಕರೆಗೆ ಹರಿಸಬೇಕು, ಅಲ್ಲಿ ಬೆಳೆ ನಿಂತರೆ ತೂಬಿಗೆ ನೀರು ಬರುತ್ತದೆ. ಆ ಎಕರೆ ಅವಳ ಅಪ್ಪನ ಮೇಲೆ ಬದುವಿನ ಕೇಸು ಹಾಕಿದವನದು. ಉಳಿದವರ ಕಬ್ಬೆಲ್ಲ ಒಣಗುತ್ತದೆ, ಅವಳದೂ ಸೇರಿ. ಸುಖಕ್ಕೆ ತೆತ್ತ ಬೆಲೆ ಇದು. ಇದನ್ನು ಕಡೆಯಲ್ಲಿ ಯಾರೂ ತುಂಬಿಕೊಡಬಾರದು. ಸರ್ಕಾರದ ಪರಿಹಾರ ಬಂತು ಅಂತ ಒಂದು ಸಾಲು ಸೇರಿಸಿದರೂ ಕತೆ ಕೆಟ್ಟಿತು.

ಐದು ಸಾವಿರ ಪದಗಳ ಕತೆಯಾದರೆ ನಿಯಮ ಮೊದಲ ಸಾವಿರದೈನೂರರೊಳಗೆ ಬಂದುಬಿಡಲಿ. ಪಾಠದಂತೆ ಬೇಡ, ಜಗಳದ ನಡುವೆ ಬರಲಿ: ‘ಸೆನ್ಸರ್ ನಿನ್ನ ಗದ್ದೇಲಿದೆ ಅಂತ ತೂಬೂ ನಿಂದಾಗೋಯ್ತಾ?’ ಓದುಗ ಬೈಗುಳ ಕೇಳಿಸಿಕೊಂಡು ಮುಂದೆ ಹೋಗುತ್ತಾನೆ, ಮಾಹಿತಿ ಉಳಿಯುತ್ತದೆ. ನಡುವಿನಲ್ಲಿ ಅದೇ ನಿಯಮದಿಂದ ಒಂದು ಪ್ರಯತ್ನ ಸೋಲಬೇಕು. ನಾಟ್ಯಶಾಸ್ತ್ರದ ಸಂಧಿಗಳ, ಅಂದರೆ ನಾಟಕದ ಕತೆ ಸಾಗುವ ಹಂತಗಳ, ಲೆಕ್ಕವೂ ಹೀಗೇ: ಮೊದಲ ಹಂತವಾದ ಮುಖಸಂಧಿಯಲ್ಲಿ ಬಿತ್ತಿದ ಬೀಜಕ್ಕೆ ಕೊನೆಗೂ ಮುಂಚಿನ ವಿಮರ್ಶದಲ್ಲಿ ವಿಘ್ನ, ಕೊನೆಯ ನಿರ್ವಹಣದಲ್ಲಿ ಫಲ, ಅಲ್ಲಿ ಅದ್ಭುತ ರಸ. ನಮ್ಮ ಹೊಸ ಬರಹಗಾರರು ಈ ವಿಮರ್ಶದ ಹಂತವನ್ನೇ ಹಾರಿಸಿಬಿಡುತ್ತಾರೆ.

ಅಂದಹಾಗೆ, ಅಣೆಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ ಎನ್ನುವುದು ಮಂಡ್ಯದವರಿಗೆ ಬಾಯಿಪಾಠ. ನೀವು 150 ಅಂತ ಬರೆಯುವುದಾದರೆ ಕಟ್ಟೆ ಎತ್ತರಿಸಿದ್ದು ಯಾವಾಗ ಎಂದು ಹೇಳಿ. ಇಲ್ಲವಾದರೆ ನಿಮ್ಮ ಸೆನ್ಸರನ್ನೂ ಅವರು ನಂಬಲಾರರು.

ಅಂಟಿಸಿದ ಸುಖ ಎದ್ದು ಕಾಣುತ್ತದೆ. 1982ರ ‘ಬ್ಲೇಡ್ ರನ್ನರ್’ ಚಿತ್ರಕ್ಕೆ ಸ್ಟುಡಿಯೋದವರ ಒತ್ತಾಯದಿಂದ ಕೊನೆಯಲ್ಲಿ ಸುಖಾಂತ್ಯದ ಒಂದು ಕಾರು ಪಯಣ ಸೇರಿತು. ಅದರ ಬೆಟ್ಟಗಾಡಿನ ದೃಶ್ಯಗಳು ‘ದಿ ಶೈನಿಂಗ್’ ಎಂಬ ಬೇರೊಂದು ಚಿತ್ರಕ್ಕಾಗಿ ಚಿತ್ರೀಕರಿಸಿ ಮಿಕ್ಕಿದ್ದವು. 1992ರ ಆವೃತ್ತಿಯಲ್ಲಿ ಆ ಪಯಣವನ್ನೇ ಕಿತ್ತುಹಾಕಿದರು.

ಕಾಲಯಾನದ ಕತೆಗಳಲ್ಲಿ ಆದದ್ದೆಲ್ಲ ಅಳಿಸಿಹೋಗಿ ಸುಖವಾದರೆ ಓದುಗನ ಶ್ರಮವೂ ಅಳಿಸಿಹೋಗುತ್ತದೆ. ಕನಿಷ್ಠ ಒಬ್ಬರಿಗಾದರೂ ನೆನಪು ಉಳಿಸಿ. ‘ಎಲ್ಲ ಕನಸು’ ಎಂಬ ಮುಕ್ತಾಯದ ಬಗ್ಗೆ ಮಾತೇ ಬೇಡ.

ನೀರು ಬಂದ ಮೇಲೆ ಮುನ್ನೂರು ಪದ ಸಾಕು. ಸುಗ್ಗಿ, ಮದುವೆ, ಯಂತ್ರದ ಪಶ್ಚಾತ್ತಾಪ ಯಾವುದೂ ಬೇಡ. ಬದುವಿನ ಕೇಸು ಇನ್ನೂ ಕೋರ್ಟಿನಲ್ಲಿರಲಿ. ಕರಡು ಮುಗಿದಾಗ ಕೊನೆಯ ಎರಡು ಪುಟ ತೆಗೆದಿಟ್ಟು ಒಬ್ಬರಿಗೆ ಓದಲು ಕೊಡಿ, ಮುಂದೇನಾಗಬಹುದು ಅಂತ ಕೇಳಿ. ಸರಿಯಾಗಿ ಊಹಿಸಿಬಿಟ್ಟರೆ ನಿಯಮ ತೀರಾ ಎದ್ದು ಕಾಣುತ್ತಿದೆ, ಜಗಳದೊಳಗೆ ಇನ್ನಷ್ಟು ಹುದುಗಿಸಿ. ಪೂರ್ತಿ ಓದಿದ ಮೇಲೂ ‘ಅದು ಹೇಗಾಯ್ತು?’ ಅಂದರೆ ಕೊನೆ ತಿದ್ದಲು ಹೋಗಬೇಡಿ, ನಿಯಮ ಬಿತ್ತಿದ ಮೂರನೇ ಪುಟಕ್ಕೆ ಹಿಂದಿರುಗಿ ಅದನ್ನು ತಿದ್ದಿ.