ಕೋಟಿ ರೂಪಾಯಿ ಗಾಡಿ, ಎರಿ ಹೊಲ, ಎರಡಿಂಚು ಲಿಫ್ಟ್

ಹೋದ ಮಳಿಗಾಲದಾಗ ವಿಜಯಪುರ ಕಡಿಂದ ಒಬ್ರು ಸಾವ್ಕಾರ್ರು ಫೋನ್ ಮಾಡಿದ್ರು, "ಮಿಸ್ತ್ರಿ, ಗಾಡಿ ಹೊಲದಾಗ ನಿಂತೈತಿ, ಇಂಜಿನ್ ಚಾಲೂ ಐತಿ, ಆಕ್ಸಿಲೇಟರ್ ಒತ್ತಿದ್ರ ಗಾಲಿನ ತಿರಗವಲ್ಲವು" ಅಂತ. ನಾ ಗೇರ್‌ಬಾಕ್ಸ್ ಹೋತು ತಗೋ ಅನ್ಕೊಂಡು ಒಂದು ಫೋಟೋ ಹಾಕ್ರಿ ಅಂದೆ, ಫೋಟೋ ಬಂತು, ನೋಡಿದ್ರ ಗಾಲಿ ಎಲ್ಲೈತಿ, ಅದರ ಮ್ಯಾಲಿನ ಫೆಂಡರ್ (ಮಡ್‌ಗಾರ್ಡ್) ಎಲ್ಲೈತಿ ಗೊತ್ತಾಗವಲ್ಲದು, ನಡುವಿನ ಸಂದಿ ತುಂಬ ಎರಿಮಣ್ಣು ರೊಟ್ಟಿ ಹಿಟ್ಟು ನಾದಿ ಮೆತ್ತಿದಂಗ ಮೆತ್ತಿತ್ತು. ಗೇರ್‌ಬಾಕ್ಸಿಗೆ ಏನೂ ಆಗಿರಲಿಲ್ಲ, ಮಣ್ಣ ಗಾಲಿ ಹಿಡಕೊಂಡು ಕುಂತಿತ್ತು. ಕಡೀಕ ಟ್ರ್ಯಾಕ್ಟರ್ ಹಚ್ಚಿ ಜಗ್ಗಿದ್ರು, ಜಗ್ಗುವಾಗ ಒಳಗಿನ ಪ್ಲಾಸ್ಟಿಕ್ ಲೈನರ್ ಹರಕೊಂಡು ಬಂತು, ಗಾಡಿ ಎಷ್ಟು ಎತ್ತರ ನಿಂತೈತಿ ಅಂತ ಕಂಪ್ಯೂಟರಿಗೆ ಹೇಳೋ ಹೈಟ್ ಸೆನ್ಸರ್ ವೈರೂ ಅದರ ಕೂಡ ಹೋತು.

ಎರಡು ದಿನ ಬಿಟ್ಟು ಗಾಡಿ ಬೆಳಗಾವಿಗೆ ನಮ್ಮ ಶಾಪಿಗೆ ಬಂತು. ಅಷ್ಟೊತ್ತಿಗೆ ಆ ಮಣ್ಣು ಒಣಗಿ ಇಟ್ಟಂಗಿ ಆಗಿತ್ತು, ನಮ್ಮ ಹುಡುಗ್ರು ಕುರ್ಪಿ ತಗೊಂಡು ಕೆರೆದು ಒಂದೊಂದು ಗಾಲಿಯಿಂದ ಬುಟ್ಟಿ ತುಂಬ ತಗದ್ರು. ಅವ್ರು ಬ್ಯಾರೆ ಊರಾಗ ಒಂದು ಕಡೆ ದೊಡ್ಡ ಮಡ್ ಟೈರ್ (ರಾಡಿಗಂತ ಮಾಡಿದ ಆಳ ಕಚ್ಚಿನ ಟೈರ್) ಹಾಕ್ಸಿ, ಏರ್ ಸಸ್ಪೆನ್ಷನ್ (ಸ್ಪ್ರಿಂಗ್ ಬದಲು ಗಾಳಿ ಚೀಲ) ಮ್ಯಾಲ ಎರಡಿಂಚು ಲಿಫ್ಟನೂ, ಅಂದ್ರ ಗಾಡಿ ಎತ್ತರ ಏರಿಸೋದೂ, ಮಾಡಿಸ್ಕೊಂಡು ಬಂದಿದ್ರು. ಇಷ್ಟು ಖರ್ಚು ಮಾಡಿದ್ರೂ ಹಿಂಗ್ಯಾಕ ಆತು ಅಂತ ಅವ್ರು ಕೇಳಿದ್ದು ಖರೇನ ಸರಿ ಪ್ರಶ್ನೆ, ಇಂಥಾ ಗಾಡಿ ತಗೊಂಡವ್ರೆಲ್ಲ ಟೈರ್ ಬದಲು ಮಾಡೋಕಿಂತ ಮೊದಲ ಕೇಳಬೇಕಾದ್ದು.

ನಮ್ಮ ಮಂದಿ ಬಂದ ಕೂಡ್ಲೆ ಕೇಳೋದು ಎತ್ತರ. ಎತ್ತರ ಎರಡು ನಮೂನಿ ಇರ್ತೈತಿ ನೋಡ್ರಿ. ಸಸ್ಪೆನ್ಷನ್ ಲಿಫ್ಟ್ ಮಾಡಿದ್ರ ಬಾಡಿ ಮ್ಯಾಲ ಹೋಗ್ತೈತಿ, ಆದ್ರ ಹಿಂದ ಸಾಲಿಡ್ ಆಕ್ಸಲ್ (ಎರಡೂ ಗಾಲಿಗೆ ಒಂದ ಗಟ್ಟಿ ಅಚ್ಚು) ಇರೋ ಗಾಡಿಯೊಳಗ, ಫಾರ್ಚೂನರ್ ಇರಲಿ ಜಿ-ವ್ಯಾಗನ್ ಇರಲಿ, ಆ ಅಚ್ಚಿನ ನಡುವಿನ ಡಿಫರೆನ್ಶಿಯಲ್ ಗೇರಿನ ಗುಂಡು ಎಲ್ಲಿತ್ತೋ ಅಲ್ಲೇ ಇರ್ತೈತಿ, ಒಂದು ಮಿಲಿಮೀಟರೂ ಏಳಂಗಿಲ್ಲ. ಕಲ್ಲು ಬಡಿಯೋದು ಮೊದಲ ಅದಕ್ಕ. ಅದನ್ನ ಎತ್ತಬೇಕಂದ್ರ ಟೈರ್ ಒಂದ ದಾರಿ, ಟೈರಿನ ಲೆಕ್ಕನೂ ಕೇಳ್ರಿ: ಫಾರ್ಚೂನರ್ ಫೋರ್ ಬೈ ಫೋರ್‌ಗೆ ಕಂಪನಿ ಸೈಜು 265/60 ಆರ್ 18. 265 ಅಗಲ, ಅದರ 60 ಪರ್ಸೆಂಟ್ ಅಂದ್ರ 159 ಮಿ.ಮೀ ಸೈಡ್‌ವಾಲ್ (ರಿಮ್ಮಿನ ಹೊರಗಿನ ರಬ್ಬರ್ ಎತ್ತರ), ಮ್ಯಾಲ ಕೆಳಗ ಎರಡು ಸೇರಿ 318, 18 ಇಂಚಿನ ರಿಮ್ 457, ಒಟ್ಟ 775 ಮಿ.ಮೀ. ಎಲ್ಲಾರೂ ಕೇಳೋ 275/65 ಆರ್ 18 ಹಾಕಿದ್ರ 815 ಆಗ್ತೈತಿ. 40 ಹೆಚ್ಚಾತು ಅಂತ ಖುಷಿ ಪಡಬ್ಯಾಡ್ರಿ, ನೆಲದಿಂದ ಗಾಡಿ ಏಳೋದು ಅದರ ಅರ್ಧ, 20 ಮಿ.ಮೀ, ಏಳೆಂಟು ಕಟಕ ರೊಟ್ಟಿ ಒಂದರ ಮ್ಯಾಲೊಂದು ಇಟ್ಟಷ್ಟು.

ಆ ರೊಟ್ಟಿ ದಪ್ಪಕ್ಕ ಕೊಡೋದೇನು ಅಂದ್ರ, ಗಾಲಿ ಐದು ಪರ್ಸೆಂಟ್ ದೊಡ್ಡದಾಗಿದ್ದಕ್ಕ ಮೀಟರ್ 100 ತೋರಿಸಿದ್ರ ಮೊದಲಿನಕಿಂತ ಐದು ಹೆಚ್ಚು ಓಡ್ತಿರ್ತೀರಿ, ಕಿಲೋಮೀಟರ್ ಕಡಿಮಿ ಬೀಳ್ತಾವ (ಗಾಡಿ ಮಾರೋವ್ರಿಗೆ ಇದು ಚಲೋ ಅನಸ್ತೈತಿ ಬಿಡ್ರಿ), ಪಿಕಪ್ ಅಷ್ಟ ಇಳಿತೈತಿ, ಬ್ರೇಕಿಗೂ ಹೆಚ್ಚು ಭಾರ, ಯಾಕಂದ್ರ ಈ ಟೈರ್ ಒಂದೊಂದಕ್ಕ ನಾಕೈದು ಕಿಲೋ ತೂಕನೂ ಹೆಚ್ಚಿರ್ತೈತಿ.

ಇನ್ನ ನಮ್ಮ ಎರಿ ವಿಷಯ. ಖಾನಾಪುರ ಜಾಂಬೋಟಿ ಕಡೆ ಕೆಂಪು ಜಂಬಿಟ್ಟಿಗೆ ನೆಲ, ಅಲ್ಲಿ ಮಳ್ಯಾಗ ಜಾರ್ತೈತಿ ಆದ್ರ ಮಣ್ಣು ಮೆತ್ತಂಗಿಲ್ಲ, ಬಾದಾಮಿ ಕಡೆ ಕಲ್ಲು ಮತ್ತ ಮರಳು. ವಿಜಯಪುರ ಕಡೆ ಡೋಣಿ ಹೊಳಿ ಸುತ್ತಲಿನ ಎರಿ ಹಂಗಲ್ಲ, ಒಂದು ಸುತ್ತಿಗೆ ಟೈರಿನ ಕಚ್ಚುಗಳೆಲ್ಲ ಮುಚ್ಚಿ ಹೋಗ್ತಾವ, ಎರಡನೇ ಸುತ್ತಿಗೆ ಮಣ್ಣಿನ ಮ್ಯಾಲ ಮಣ್ಣು ಹತ್ತಿ ಟೈರ್ ದಪ್ಪ ಆಗ್ತೈತಿ. ಅಲ್ಲಿ ಗ್ರೌಂಡ್ ಕ್ಲಿಯರೆನ್ಸಿನಷ್ಟ ಮಹತ್ವದ್ದು ಟೈರಿಗೂ ಗಾಡಿಗೂ ನಡುವಿನ ಸಂದಿ. ಕಂಪನಿ ಸೈಜಿನ್ಯಾಗ ಆ ಮಣ್ಣು ಕಳಚಿ ಬೀಳಾಕ ಜಾಗ ಇರ್ತೈತಿ, ದೊಡ್ಡ ಟೈರ್ ಆ ಜಾಗ ತಿಂತೈತಿ. ಲಿಫ್ಟ್ ಮಾಡೀವಲ್ಲ ಅಂತೀರಿ, ಲಿಫ್ಟಿನಿಂದ ಫೆಂಡರ್ ಮ್ಯಾಲ ಹೋಗ್ತೈತಿ ಖರೆ, ಆದ್ರ ಟೈರಿನ ಒಳಮಗ್ಗಲಕ್ಕ ಇರೋ ಸ್ಟೇರಿಂಗ್ ನಕಲ್ (ಗಾಲಿ ಹಿಡಕೊಂಡು ತಿರುಗಿಸೋ ಭಾಗ), ಸ್ಟ್ರಟ್ಟಿನ (ಸಸ್ಪೆನ್ಷನ್ ಕಂಬ) ಕೆಳಭಾಗ ಇವೆಲ್ಲ ಗಾಲಿ ಕೂಡನ ಇರ್ತಾವ, ಆ ಸಂದಿ ಕೂದಲೆಳಿಯಷ್ಟೂ ಹೆಚ್ಚಾಗಂಗಿಲ್ಲ. ಸಾವ್ಕಾರ್ರ ಗಾಡ್ಯಾಗ ಮೊದಲ ಜಾಮ್ ಆಗಿದ್ದು ಅಲ್ಲೇ. ಹಳೇ ಚಕ್ಕಡಿ ಗಾಲಿ ನೋಡ್ರಿ, ಎದಿಮಟ ಎತ್ತರ, ಅಗಲ ಅಂಗೈಯಷ್ಟೂ ಇಲ್ಲ, ಸುತ್ತಲೂ ಏನೂ ಮುಚ್ಚಿಲ್ಲ. ಎರಿಯೊಳಗ ಹೋಗಾಕಂತನ ಮಾಡಿದ್ದದು, ನಮ್ಮ ಬಡಿಗ್ಯಾರು ಯಾವ ಕ್ಯಾಟಲಾಗೂ ಓದಿರಲಿಲ್ಲ.

ಹಂಗಾದ್ರ ಏನ್ ಮಾಡ್ಬೇಕು ಅಂದ್ರ ನಾ ಹೇಳೋದು ಒಂದ, ಎತ್ತರಕ್ಕಿಂತ ಮೊದಲ ರಿಮ್ ಸಣ್ಣದು ಮಾಡ್ರಿ. ಡಿಫೆಂಡರ್ 110 ತಗೊಳ್ರಿ, ಕಂಪನಿ ಸೈಜಿನ್ಯಾಗ 255/60 ಆರ್ 20 ಐತಿ, 255/65 ಆರ್ 19 ಐತಿ, 255/70 ಆರ್ 18ನೂ ಐತಿ, ಮೂರೂ ಲೆಕ್ಕ ಹಾಕ್ರಿ, ಹೊರಗಿನ ಎತ್ತರ 814 ಮಿ.ಮೀ ಒಂದ ಬರ್ತೈತಿ. ಫರಕ್ ಇರೋದು ಸೈಡ್‌ವಾಲಿನ್ಯಾಗ, 20ರ ರಿಮ್ಮಿಗೆ 153, 18ರ ರಿಮ್ಮಿಗೆ 178. ಮೀಟರ್ ಹಂಗ ಇರ್ತೈತಿ, ಸಂದಿ ಹಂಗ ಇರ್ತೈತಿ, ಒಂದಿಂಚು ರಬ್ಬರ್ ಹೆಚ್ಚು ಸಿಗ್ತೈತಿ. ಕಬ್ಬಿನ ಸೀಸನ್ನಿನ್ಯಾಗ ಮುಧೋಳ ಜಮಖಂಡಿ ಕಡೆ ಟ್ರಾಲಿ ಓಡಾಡಿದ ರಸ್ತೇದಾಗ 20 ಇಂಚಿನ ರಿಮ್ ಬಗ್ಗಿಸ್ಕೊಂಡು ಬರೋರು ವಾರಕ್ಕ ಒಬ್ರರ ಇರ್ತಾರ, ಆ ಒಂದಿಂಚು ಅಲ್ಲಿ ಕೆಲಸಕ್ಕ ಬರ್ತೈತಿ. ಮತ್ತ ರಾಡಿ, ಮರಳಿನ್ಯಾಗ ಟೈರಿನ ಗಾಳಿ 33 ಪಿಎಸ್ಐ ಇದ್ದಿದ್ದನ್ನ 22ರ ತನಕ ಇಳಿಸಿದ್ರ ಟೈರ್ ಚಪ್ಪಟೆ ಆಗಿ ಹಿಡಿತ ಬರ್ತೈತಿ, ಇದನ್ನ ತೆಳ್ಳನ ಸೈಡ್‌ವಾಲಿನ ಟೈರಿನ್ಯಾಗ ಮಾಡಾಕ ಹೋದ್ರ ರಿಮ್ ನೆಲಕ್ಕ ಬಡಿತೈತಿ. ಡಾಂಬರಿಗೆ ಬಂದ ಮ್ಯಾಲ ಗಾಳಿ ಮತ್ತ ತುಂಬಿಸ್ರಿ, ಹಂಗ ಹೈವೇ ಹತ್ತಬ್ಯಾಡ್ರಿ. ರಿಮ್ ಸಣ್ಣದು ಮಾಡೋ ಮುಂದ ಬ್ರೇಕ್ ಕ್ಯಾಲಿಪರ್ ತಾಗ್ತೈತೋ ಇಲ್ಲೋ ಹಾಕಿ ತಿರುಗಿಸಿ ನೋಡ್ರಿ, ದೊಡ್ಡ ಇಂಜಿನ್ನಿನ ಗಾಡಿಗೆ ಬ್ರೇಕೂ ದೊಡ್ಡವಿರ್ತಾವ.

ಮಡ್ ಟೈರ್ ನಾ ಯಾರಿಗೂ ಸುಮ್ನ ಹೇಳಂಗಿಲ್ಲ, ತಿಂಗಳಿಗೆ ನಾಕು ಸಲ ಬೆಂಗಳೂರಿಗೆ ಹೋಗೋರಿಗೆ ಆ ಗೊಂಯ್ ಅನ್ನೋ ಸಪ್ಪಳ ಹದಿನೈದು ದಿನದಾಗ ಬ್ಯಾಸರ ಬರ್ತೈತಿ, ಡಾಂಬರಿಗೂ ಕಚ್ಚಾ ರಸ್ತೆಗೂ ನಡಿಯೋ ಆಲ್ ಟೆರೇನ್ ಟೈರ್ ಸಾಕು. ಆದ್ರ ಲೋಡ್ ಇಂಡೆಕ್ಸ್ ನೋಡದ ತಗೋಬ್ಯಾಡ್ರಿ, 110 ಅಂದ್ರ ಒಂದು ಟೈರಿಗೆ 1060 ಕಿಲೋ, 116 ಅಂದ್ರ 1250, ಗಾಡಿ ತೂಕಾನ ಎರಡೂವರಿ ಟನ್ ಹತ್ರ ಇದ್ದಾಗ ಕಂಪನಿ ನಂಬರಿನಕಿಂತ ಕಡಿಮಿ ಹಾಕೋದು ತಪ್ಪು.

ಏರ್ ಸಸ್ಪೆನ್ಷನ್ ಇರೋ ಗಾಡಿಗೆ ಲಿಫ್ಟ್ ಅಂದ್ರ ಸಾವ್ಕಾರ್ರ ಗಾಡಿಗೆ ಮಾಡಿದ್ದ ಕೆಲಸ, ಹೈಟ್ ಸೆನ್ಸರಿನ ಲಿಂಕ್ ರಾಡ್ ಅಳತಿ ಬದಲು ಮಾಡಿ ಕಂಪ್ಯೂಟರಿಗೆ ಸುಳ್ಳು ಹೇಳೋದು. ಕಂಪ್ಯೂಟರ್ ಗಾಡಿ ನಾರ್ಮಲ್ ಎತ್ತರದಾಗ ಐತಿ ಅನ್ಕೋತೈತಿ, ಗಾಡಿ ಖರೇ ಅಂದ್ರ ಆಫ್‌ರೋಡ್ ಎತ್ತರದಾಗ ನಿಂತಿರ್ತೈತಿ. ಕಂಪನಿಯವ್ರು ಆ ಎತ್ತರ ನಿಧಾನಕ್ಕ ಹೋಗೋ ಮುಂದ ಅಷ್ಟ ಕೊಟ್ಟಿರ್ತಾರ, ಸ್ಪೀಡ್ ಬಂದ್ರ ತಾನ ಇಳಿತೈತಿ, ಇಲ್ಲಿ ಇಳಿಯಂಗ ಇಲ್ಲ, ಸೊಲ್ಲಾಪುರ ಹೈವೇದಾಗ 100ರಲ್ಲೂ ಸಿ.ವಿ. ಜಾಯಿಂಟ್ (ಗಾಲಿಗೆ ಪವರ್ ಕೊಡೋ ರಾಡಿನ ಕೀಲು) ಓರೆ ಆಗೇ ತಿರಗತಾವ. ಅವರ ಗಾಡ್ಯಾಗ ಆ ಕೀಲಿನ ಮ್ಯಾಲಿನ ಎರಡು ರಬ್ಬರ್ ಬೂಟ್ ಹರದು ಗ್ರೀಸ್ ರಿಮ್ ತುಂಬ ಸಿಡಿದಿತ್ತು. ಮ್ಯಾಲಿಂದ ಮೊದಲ ಎತ್ತಿದ್ದನ್ನ ಆಫ್‌ರೋಡ್ ಬಟನ್ ಒತ್ತಿ ಮತ್ತ ಎತ್ತಿದ್ರ ಸ್ಟ್ರಟ್ ಪೂರಾ ಚಾಚಿ, ಸಣ್ಣ ತಗ್ಗಿಗೂ ಟಕ್ ಅಂತ ಬಡಿತಿತ್ತು.

ಕಾಯಿಲ್ ಸ್ಪ್ರಿಂಗಿನ ಗಾಡಿಗೆ ಮುಂದ ಇಂಡಿಪೆಂಡೆಂಟ್ (ಒಂದೊಂದು ಗಾಲಿ ಬ್ಯಾರೆ ಬ್ಯಾರೆ ಆಡೋದು) ಇದ್ರ ಲಿಫ್ಟ್ 40, ಬಾಳಂದ್ರ 50 ಮಿ.ಮೀ, ಅದಕ್ಕೂ ಕ್ಯಾಸ್ಟರ್ (ಸ್ಟೇರಿಂಗ್ ತಿರುಗೋ ಅಚ್ಚಿನ ಓರೆ) ಕಡಿಮಿ ಆಗಿ ಸ್ಟೇರಿಂಗ್ ತಿರುಗಿಸಿ ಬಿಟ್ರ ಸರಿಯಾಗಿ ವಾಪಸ್ ಬರಂಗಿಲ್ಲ, ಅಲೈನ್‌ಮೆಂಟಿನ್ಯಾಗ ಸರಿ ಬರ್ಲಿಲ್ಲಂದ್ರ ಮ್ಯಾಲಿನ ಆರ್ಮ್ ಬದಲು ಮಾಡಬೇಕು. ಹೆಡ್‌ಲೈಟಿನ ಬೆಳಕು ಕೆಳಗ ಇಳಿಸ್ರಿ, ಗಾಜಿನ ಮ್ಯಾಲ ಕ್ಯಾಮೆರಾ ಇದ್ರ ಅದನ್ನೂ ಹೊಸ ಎತ್ತರಕ್ಕ ಹೊಂದಿಸೋ ಕ್ಯಾಲಿಬ್ರೇಷನ್ ಮಾಡಿಸ್ರಿ. ಸ್ಪ್ರಿಂಗ್ ಆರಸೋದು ಗಾಡಿ ಮ್ಯಾಲ ಯಾವಾಗಲೂ ಇರೋ ತೂಕ ನೋಡಿ, ಕಬ್ಬಿಣದ ಬಂಪರ್, ವಿಂಚ್ (ಗಾಡಿ ಜಗ್ಗೋ ಹಗ್ಗದ ಯಂತ್ರ) ಏನೂ ಇಲ್ಲದಿದ್ರೂ ಹೆವಿ ಸ್ಪ್ರಿಂಗ್ ಹಾಕಿಸ್ಕೊಂಡ್ರ ಹಿಂದ ಕುಂತವ್ರು ಚೋರ್ಲಾ ಘಾಟ್ ಇಳಿಯೋದರೊಳಗ ನಿಮ್ಮ ಕೂಡ ಮಾತು ಬಿಡ್ತಾರ. ಫಿಟ್ಟಿಂಗ್ ಆಗುವಾಗ ನೀವ ಅಲ್ಲೇ ನಿಂತು ಒಂದು ನೋಡ್ರಿ, ಬುಷ್ಷಿನ (ಸಸ್ಪೆನ್ಷನ್ ಕೀಲಿನ ರಬ್ಬರ್) ಬೋಲ್ಟ್ ಕಡೇ ಟೈಟ್ ಮಾಡೋದು ಗಾಡಿ ಗಾಲಿ ಮ್ಯಾಲ ನಿಂತಾಗ. ಗಾಲಿ ಜೋತಾಡುವಾಗ ಟೈಟ್ ಮಾಡಿದ್ರ ರಬ್ಬರ್ ತಿರುಚಿಕೊಂಡ ಇರ್ತೈತಿ, ಆರು ತಿಂಗಳಿಗೆ ಕಿರ್ ಕಿರ್ ಅಂತ ಬರ್ತೀರಿ. ದೊಡ್ಡ ಟೈರ್ ಹಾಕೇ ಹಾಕ್ತೀವಿ ಅನ್ನೋರಿಗೆ ನಾ ಮಾಡೋ ಟೆಸ್ಟ್, ಟೈರಿನ ಅಂಚಿಗೆ ಸುಣ್ಣ ಹಚ್ಚಿ, ಮುಂದಿನ ಒಂದು ಗಾಲಿ ರ‍್ಯಾಂಪ್ ಮ್ಯಾಲ ಹತ್ತಿಸಿ ಸ್ಟೇರಿಂಗ್ ಆ ಕಡೆ ಈ ಕಡೆ ಪೂರಾ ತಿರುಗಿಸೋದು, ಎಲ್ಲೆಲ್ಲಿ ಬಿಳಿ ಹತ್ತಿತೋ ಅಲ್ಲೆಲ್ಲ ನಾಳೆ ಹರಿತೈತಿ. ಸ್ಟೆಪ್ನಿನೂ ಅದ ಸೈಜ್ ಬೇಕು, ನಾಕೂ ಗಾಲಿಗೆ ಸದಾ ಪವರ್ ಹೋಗೋ ಗಾಡ್ಯಾಗ ಒಂದು ಗಾಲಿ ಸಣ್ಣದಾದ್ರ ಮುಂದಿನ ಹಿಂದಿನ ಗಾಲಿಗೆ ಪವರ್ ಹಂಚೋ ಸೆಂಟರ್ ಡಿಫರೆನ್ಶಿಯಲ್ ಸುಮ್ನ ಸವಿತೈತಿ.

ಕಾಯ್ದೆನೂ ಐತಿ ಮತ್ತ. ಮೋಟಾರು ವಾಹನ ಕಾಯ್ದೆ 52ನೇ ಕಲಂ, ಕಂಪನಿ ಕೊಟ್ಟ ವಿವರಕ್ಕ ಬ್ಯಾರೆ ಆಗೋವಂಗ ಗಾಡಿ ಬದಲಾಯಿಸಂಗಿಲ್ಲ, 2019ರ ಜನವರಿಯೊಳಗ ಸುಪ್ರೀಂ ಕೋರ್ಟೂ ಇದನ್ನ ಗಟ್ಟಿ ಮಾಡೇತಿ, ದಂಡ ಒಂದೊಂದು ಬದಲಾವಣೆಗೆ 5,000. ಅದೇನು ನಿಮಗ ದೊಡ್ಡದಲ್ಲ, ಆಕ್ಸಿಡೆಂಟ್ ಆದಾಗ ಇನ್ಶೂರೆನ್ಸಿನವ್ರು ಗಾಡಿ ಸುತ್ತ ಟೇಪ್ ಹಿಡಕೊಂಡು ಬಂದಾಗ ಗೊತ್ತಾಗ್ತೈತಿ.

ಸಾವ್ಕಾರ್ರ ಗಾಡಿಗೆ ಲಿಂಕ್ ರಾಡ್ ಮೊದಲಿನ ಅಳತಿದ್ದ ಹಾಕಿದ್ವಿ, 18ರ ರಿಮ್ಮು, ಕಂಪನಿ ಎತ್ತರದ ಆಲ್ ಟೆರೇನು. ಮಳಿ ಬಿದ್ದ ಮ್ಯಾಲ ಹೊಲಕ್ಕ ಹ್ಯಾಂಗ ಹೋಗ್ತೀರಿ ಸಾವ್ಕಾರ್ರ ಅಂತ ಮೊನ್ನೆ ಕೇಳಿದೆ, ಗಾಡಿ ಡಾಂಬರ್ ಮ್ಯಾಲ ನಿಲ್ಲಿಸಿ ಟ್ರ್ಯಾಕ್ಟರ್ ಹತ್ತತೀನಿ ಮಿಸ್ತ್ರಿ ಅಂದ್ರು. ಆ ಮಡ್ ಟೈರ್ ಗಿರಾಕಿ ನೋಡ್ರಿ ಅಂತ ನಮ್ಮಲ್ಲೇ ಬಿಟ್ಟು ಹೋಗ್ಯಾರ, ಎರಿ ಇನ್ನೂ ಅದರ ಕಚ್ಚಿನ್ಯಾಗ ಹಂಗ ಐತಿ, ಹುಡುಗ್ರು ಅದರ ಮ್ಯಾಲ ಕುಂತು ಚಾ ಕುಡೀತಾರ.