ತೊಂಬತ್ತಾರು ತುಂಡಿನ ಲೋಟ ಸೋರದಿರಬೇಕಾದರೆ

ಸಣ್ಣ ಸಣ್ಣ ಮರದ ತುಂಡುಗಳನ್ನು ಜೋಡಿಸಿ ಲೇತ್‌ನಲ್ಲಿ ಕಡೆದ ಲೋಟ ಕೈಗೆ ಸಿಕ್ಕರೆ ಎಲ್ಲರ ಕಣ್ಣೂ ಅದರ ಹೊಟ್ಟೆಯ ಮೇಲಿನ ಚಿತ್ತಾರಕ್ಕೆ ಹೋಗುತ್ತದೆ. ನಾನು ಲೋಟವನ್ನು ಮಗುಚಿ ತಳ ನೋಡುತ್ತೇನೆ. ಚಿತ್ತಾರ ಲೆಕ್ಕಾಚಾರದ ಕೆಲಸ, ತಾಳ್ಮೆ ಇದ್ದವರಿಗೆ ಒಲಿಯುತ್ತದೆ. ಮಾಡಿದವರು ಕುಡಿಯುವ ಪಾತ್ರೆ ಮಾಡಿದ್ದಾರೋ ಷೋಕೇಸಿನ ವಸ್ತು ಮಾಡಿದ್ದಾರೋ ಎಂಬುದು ಗೊತ್ತಾಗುವುದು ತಳದಲ್ಲಿ.

ಹೂದಾನಿ, ಬಟ್ಟಲು, ಡಬ್ಬಿಗಳು ಬದುಕಿಡೀ ಒಣಗಿಯೇ ಇರುತ್ತವೆ. ಲೋಟದ ಹಣೆಬರಹ ಬೇರೆ. ಒಳಗೆ ನೀರು, ಹೊರಗೆ ಗಾಳಿ. ದಿನಕ್ಕೆ ಹಲವು ಸಲ ತೊಯ್ಯಬೇಕು, ಒಣಗಬೇಕು. ಹೂದಾನಿಗೆ ನಡೆಯುವ ಉಪಾಯಗಳಲ್ಲಿ ಅರ್ಧಕ್ಕರ್ಧ ಇದಕ್ಕೆ ನಡೆಯುವುದಿಲ್ಲ. ಯಾವ ಬಣ್ಣದ ಮರದ ಪಕ್ಕ ಯಾವ ಬಣ್ಣ ಎಂದು ಚಿತ್ರ ಬರೆಯುವ ಮೊದಲು, ನೀರು ಎಲ್ಲೆಲ್ಲಿ ದಾರಿ ಹುಡುಕುತ್ತದೆ ಎಂದು ಯೋಚಿಸುವುದು ನನ್ನ ಕ್ರಮ.

ಮರ ತೇವ ಹೀರಿದಾಗ ಎಲ್ಲ ದಿಕ್ಕಿಗೂ ಒಂದೇ ಸಮನೆ ಉಬ್ಬುವುದಿಲ್ಲ. ಎಳೆಯ, ಅಂದರೆ ಕಾಂಡದ ಗುಂಟ ಓಡುವ ನಾರಿನ, ಉದ್ದಕ್ಕೆ ಅದರ ಚಲನೆ ಇಲ್ಲವೆಂಬಷ್ಟು ಕಡಿಮೆ. ಹಸಿಮರ ಪೂರ್ತಿ ಒಣಗಿದರೂ ಉದ್ದದಲ್ಲಿ ಕುಗ್ಗುವುದು ಶೇ. 0.1ರಿಂದ 0.2 ಮಾತ್ರ. ಎಳೆಗೆ ಅಡ್ಡಲಾಗಿ ನೋಡಿದರೆ ಕಥೆಯೇ ಬೇರೆ: ನಡುವಿನಿಂದ ತೊಗಟೆಯ ಕಡೆಗೆ ಸುಮಾರು ಶೇ. 4, ಬೆಳವಣಿಗೆಯ ಉಂಗುರಗಳ ಗುಂಟ ಸುಮಾರು ಶೇ. 8. ಜಾತಿಯಿಂದ ಜಾತಿಗೆ ಅಂಕಿ ಬದಲಾದೀತು, ಈ ಏರುಪೇರು ಮಾತ್ರ ತಪ್ಪುವುದಿಲ್ಲ. ಇಡೀ ದಿಮ್ಮಿಯಿಂದ ಕಡೆದ ಲೋಟ ಕ್ರಮೇಣ ಮೊಟ್ಟೆಯಾಕಾರಕ್ಕೆ ತಿರುಗುವುದು ಇದರಿಂದಲೇ.

ತುಂಡುಗಳ ಲೋಟದಲ್ಲಿ ತುಂಡುಗಳನ್ನು ಬಳೆಯಂತೆ ದುಂಡಗೆ ಕೂಡಿಸಿ, ಬಳೆಯ ಮೇಲೆ ಬಳೆ ಪೇರಿಸಿ ಗೋಡೆ ಕಟ್ಟುತ್ತೇವೆ. ಇಂಥ ಬಳೆಯಲ್ಲಿ ಪ್ರತಿ ತುಂಡಿನ ಎಳೆಯೂ ಸುತ್ತಳತೆಯ ಗುಂಟ ಮಲಗಿರುತ್ತದೆ. ಸುತ್ತಳತೆ ಬದಲಾಗುವುದಿಲ್ಲ ಎಂದರೆ ವ್ಯಾಸವೂ ಬದಲಾಗುವುದಿಲ್ಲ. ಗೋಡೆಯ ದಪ್ಪ ಮತ್ತು ಎತ್ತರ ಸ್ವಲ್ಪ ಹೆಚ್ಚು ಕಡಿಮೆಯಾಗುತ್ತವೆ, ಲೋಟ ಗುಂಡಗೇ ಉಳಿಯುತ್ತದೆ. ಇನ್ನೊಂದು ಲಾಭವಿದೆ: ಕಂಠದಲ್ಲಿ ತುಟಿ ತಾಗುವ ಜಾಗದಲ್ಲಿ ಎಳೆಯ ಕಡಿದ ತುದಿ ಇರುವುದಿಲ್ಲ. ಪೀಪಾಯಿಯಂತೆ ಪಟ್ಟಿಗಳನ್ನು ನಿಲ್ಲಿಸಿ ಜೋಡಿಸುವ ವಿಧಾನದಲ್ಲಿ ಅಂಟಿನ ಸಂದುಗಳು ಬಹಳ ಗಟ್ಟಿ, ಅದನ್ನು ಒಪ್ಪಲೇಬೇಕು. ಆದರೆ ಅಲ್ಲಿ ಕಂಠವೆಲ್ಲ ಎಳೆಯ ತುದಿಗಳೇ, ಗುಟುಕು ಗುಟುಕಿಗೂ ಒಂದಿಷ್ಟು ಹೀರಿಕೊಳ್ಳುತ್ತದೆ. ಜೊತೆಗೆ ಸುತ್ತಳತೆ ಉಬ್ಬುತ್ತದೆ. ಪೀಪಾಯಿಗೆ ಕಬ್ಬಿಣದ ಪಟ್ಟಿ ಬಿಗಿದಿರುವುದರಿಂದ ಆ ಉಬ್ಬುವಿಕೆಯೇ ಸಂದುಗಳನ್ನು ಮುಚ್ಚುತ್ತದೆ. ಪಟ್ಟಿಯಿಲ್ಲದ ಲೋಟಕ್ಕೆ ಆ ಸವಲತ್ತಿಲ್ಲ.

ಈಗ ತಳಕ್ಕೆ ಬರೋಣ. ಗೋಡೆ ಕದಲುವುದಿಲ್ಲ ಎಂಬ ಗುಣವೇ ಇಲ್ಲಿ ಶತ್ರುವಾಗುತ್ತದೆ. ಹೆಚ್ಚಿನವರು ಒಂದೇ ಹಲಗೆಯಿಂದ ಬಿಲ್ಲೆ ಕತ್ತರಿಸಿ, ಅದರ ಮೇಲೆ ಮೊದಲ ಬಳೆಯನ್ನು ಅಂಟಿಸಿ ಮುಂದೆ ಹೋಗುತ್ತಾರೆ. 70 ಮಿ.ಮೀ. ಬಿಲ್ಲೆಯ ತೇವಾಂಶ ಶೇ. 8ರಿಂದ 12ಕ್ಕೆ ಏರಿತು ಎನ್ನಿ. ಉಂಗುರಗಳ ಗುಂಟ ಅದು ಸುಮಾರು ಮುಕ್ಕಾಲು ಮಿಲಿಮೀಟರ್ ಅಗಲವಾಗುತ್ತದೆ, ಎಳೆಯ ಉದ್ದಕ್ಕೆ ಏನೂ ಆಗುವುದಿಲ್ಲ. ಮೇಲಿನ ಬಳೆ ಯಾವ ದಿಕ್ಕಿಗೂ ಜಗ್ಗುವುದಿಲ್ಲ. ಮುಕ್ಕಾಲು ಮಿಲಿಮೀಟರಿಗೆ ಜಾಗ ಬೇಕಲ್ಲ? ಬಳೆಯ ದುರ್ಬಲ ಸಂದು ಬಾಯಿ ಬಿಡುತ್ತದೆ, ಇಲ್ಲವೇ ಒಣಗುವಾಗ ಬಿಲ್ಲೆಯೇ ಎಳೆಯ ಗುಂಟ ಸೀಳುತ್ತದೆ. ಅಂಟನ್ನು ದೂರಿ ಪ್ರಯೋಜನವಿಲ್ಲ. ಅಷ್ಟು ಬಲದ ಮುಂದೆ ಮರವೇ ಸೋಲುತ್ತದೆ.

ಬಿಲ್ಲೆಯನ್ನು ಅಂಟಿಸದೆ ಗೋಡೆಯ ಒಳಬದಿಯ ತೋಡಿನೊಳಗೆ ಸಡಿಲವಾಗಿ ಕೂರಿಸುವ ಉಪಾಯ ದೊಡ್ಡ ಬಟ್ಟಲುಗಳಲ್ಲಿ ಚೆನ್ನಾಗಿ ನಡೆಯುತ್ತದೆ. ಬಿಲ್ಲೆ ಬೇಕಾದಷ್ಟು ಉಬ್ಬಿ ಕುಗ್ಗಬಹುದು. ನೀರಿನ ಪಾತ್ರೆಗೆ ಅದು ಆಗದ ಮಾತು ಎಂದು ಹೇಳಬೇಕಾಗಿಲ್ಲ. ಪಿಜ್ಜಾ ಹೋಳಿನಂತೆ ಹನ್ನೆರಡು ತ್ರಿಕೋನಗಳನ್ನು ನಡುವಿನಲ್ಲಿ ಕೂಡಿಸಿದರೆ ನೋಡಲು ಸೊಗಸು. ಆದರೆ ಹನ್ನೆರಡು ಚೂಪು ತುದಿಗಳು ಒಂದೇ ಬಿಂದುವಿನಲ್ಲಿ ಸೇರುವುದು ಚಿತ್ರದಲ್ಲಿ ಮಾತ್ರ. ಸೇರಿಸಿದರೂ ತ್ರಿಕೋನಗಳು ಅಡ್ಡಕ್ಕೆ ಕುಗ್ಗಿದಾಗ ಮಧ್ಯದಲ್ಲಿ ಸೂಜಿಗಾತ್ರದ ರಂಧ್ರ ಬೀಳುತ್ತದೆ.

ನಾನು ಮಾಡುವುದು ಇವೆರಡರ ನಡುವಿನ ದಾರಿ. ತಳವನ್ನೂ ಗೋಡೆಯಂತೆಯೇ ಹನ್ನೆರಡು ತುಂಡಿನ ಬಳೆಯಾಗಿ ಕಟ್ಟುತ್ತೇನೆ, ಪಟ್ಟಿಯನ್ನು ಮಾತ್ರ ಅಗಲವಾಗಿ ತೆಗೆದುಕೊಳ್ಳುತ್ತೇನೆ. ಬಳೆಯ ನಡುವಿನ ತೂತನ್ನು ಲೇತ್ ಮೇಲೆ 20 ಮಿ.ಮೀ.ಗೆ ಸರಿಯಾಗಿ ಗುಂಡಗೆ ಕೊರೆದು, ಅದಕ್ಕೊಂದು ಬಿರಡೆ ಕಡೆದು ಎಪಾಕ್ಸಿಯಲ್ಲಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು) ಕೂರಿಸುತ್ತೇನೆ. ಬಿರಡೆಯ ಎಳೆ ಅಡ್ಡಕ್ಕೇ ಮಲಗಿರಬೇಕು. ನಿಂತ ಎಳೆಯ ಬಿರಡೆ ದೀಪದ ಬತ್ತಿಯ ಕೆಲಸ ಮಾಡುತ್ತದೆ, ಮೇಲಿನ ನೀರನ್ನು ಕೆಳಕ್ಕೆ ದಾಟಿಸುತ್ತದೆ. ಅದೇ ಶೇ. 4 ತೇವದ ಏರಿಕೆಗೆ 20 ಮಿ.ಮೀ. ಬಿರಡೆ ಅಗಲವಾಗುವುದು ಸುಮಾರು 0.2 ಮಿ.ಮೀ. ಅದನ್ನು ಅಂಟು ಮತ್ತು ಸುತ್ತಲಿನ ಮರ ತಾಳಿಕೊಳ್ಳುತ್ತವೆ. ಇಡೀ ಬಿಲ್ಲೆಯೇ ಬೇಕೆನ್ನುವವರು ಬೆಳವಣಿಗೆಯ ಉಂಗುರಗಳು ಹಲಗೆಯ ಮುಖಕ್ಕೆ ಲಂಬವಾಗಿ ನಿಂತಿರುವ ಹಲಗೆ ಆರಿಸಲಿ, ಚಲನೆ ಅರ್ಧಕ್ಕಿಳಿಯುತ್ತದೆ.

ಗೋಡೆಯ ಲೆಕ್ಕ ಸುಲಭ. ಒಳವ್ಯಾಸ 65, ಆಳ 90 ಮಿ.ಮೀ. ಇದ್ದರೆ ಸುಮಾರು 300 ಮಿ.ಲೀ. ಹಿಡಿಯುತ್ತದೆ. ಗೋಡೆಗೆ 5 ಮಿ.ಮೀ. ದಪ್ಪ ಕೊಟ್ಟರೆ ಹೊರವ್ಯಾಸ 75. ಕಡೆಯಲು ಬಿಡುವು ಇರಲೆಂದು ಬಳೆಯನ್ನು 82ಕ್ಕೆ ಕಟ್ಟುತ್ತೇವೆ. ಪ್ರತಿ ತುಂಡಿನ ತುದಿಯ ಕೋನ ತಿಳಿಯಲು 180ನ್ನು ತುಂಡುಗಳ ಸಂಖ್ಯೆಯಿಂದ ಭಾಗಿಸಬೇಕು, ಹನ್ನೆರಡಕ್ಕೆ 15 ಡಿಗ್ರಿ. ಹೊರ ಅಂಚಿನ ಉದ್ದಕ್ಕೆ ವ್ಯಾಸವನ್ನು ಆ ಕೋನದ ಟ್ಯಾಂಜೆಂಟಿನಿಂದ ಗುಣಿಸಿದರಾಯಿತು: 82 ಗುಣಿಸು 0.268, ಅಂದರೆ 22 ಮಿ.ಮೀ. ಪಟ್ಟಿಯ ಅಗಲ 12, ದಪ್ಪ 12. ಎಂಟು ಬಳೆ ಪೇರಿಸಿದರೆ ಗೋಡೆ ಆಯಿತು, ತಳ ಬಿಟ್ಟು ತೊಂಬತ್ತಾರು ತುಂಡು. ಆರೇ ತುಂಡಿನ ಬಳೆ ಏಕೆ ಬೇಡವೆಂದರೆ, ತುಂಡಿನ ಎಳೆ ನೇರ, ಲೋಟದ ಮೈ ಬಾಗು. ಆರು ತುಂಡಾದರೆ ತುದಿಗಳಲ್ಲಿ ಎಳೆ 30 ಡಿಗ್ರಿ ಓರೆಯಾಗಿ ಉಳಿಗೆ ಸಿಗುತ್ತದೆ, ಅಲ್ಲಿ ಕಿತ್ತುಬರುತ್ತದೆ.

ಕೋನದಲ್ಲಿ ಸಣ್ಣ ತಪ್ಪು ಬಡ್ಡಿ ಸಮೇತ ಬರುತ್ತದೆ. ಒಂದು ಬಳೆಗೆ ಇಪ್ಪತ್ನಾಲ್ಕು ಕೊಯ್ತ. ಒಂದೊಂದರಲ್ಲಿ 0.1 ಡಿಗ್ರಿ ಕಡಿಮೆಯಾದರೂ ಕೊನೆಗೆ 2.4 ಡಿಗ್ರಿ, ಹೊರ ಅಂಚಿನಲ್ಲಿ ಸುಮಾರು 1.7 ಮಿ.ಮೀ. ಬಿರುಕು. ಟೇಬಲ್ ಗರಗಸದ ಡಿಗ್ರಿ ಗುರುತುಗಳನ್ನು ನಂಬಿ ಕುಳಿತರೆ ಇದು ಖಚಿತ. ಅದಕ್ಕಾಗಿಯೇ ಎರಡು ಆನಿಕೆಪಟ್ಟಿಗಳ ಜಾರುಮಣೆ, ಅಂದರೆ ಗರಗಸದ ಮೇಜಿನ ಮೇಲೆ ಜಾರುವ, ಮರವನ್ನು ಒತ್ತಿ ಹಿಡಿಯಲು ಎರಡು ಓರೆ ಪಟ್ಟಿಗಳಿರುವ ಮಣೆ ಬಳಸುತ್ತೇವೆ. ಮರದ ಪಟ್ಟಿಯನ್ನು ಒಮ್ಮೆ ಒಂದು ಆನಿಕೆಗೆ, ಮತ್ತೊಮ್ಮೆ ಇನ್ನೊಂದಕ್ಕೆ ಒತ್ತಿ ಕೊಯ್ಯುವುದರಿಂದ ಪ್ರತಿ ತುಂಡಿನ ಒಂದು ತುದಿ ಒಂದರಿಂದ, ಮತ್ತೊಂದು ತುದಿ ಇನ್ನೊಂದರಿಂದ ಬರುತ್ತದೆ. ಎರಡು ಆನಿಕೆಗಳ ನಡುವಿನ ಕೋನ 30 ಡಿಗ್ರಿ ಇದ್ದರೆ ಸಾಕು. ಒಂದು 14.8, ಇನ್ನೊಂದು 15.2 ಆಗಿದ್ದರೂ ಬಳೆ ಮುಚ್ಚಿಕೊಳ್ಳುತ್ತದೆ. ಆ 30 ಡಿಗ್ರಿಗೆ ನಿಖರವಾದ ಒಂದು ಬೆಣೆ ಮಾಡಿಟ್ಟುಕೊಂಡರೆ ಕೋನಮಾಪಕದ ಹಂಗಿಲ್ಲ. ಇಷ್ಟು ಸಣ್ಣ ತುಂಡಿನ ಹತ್ತಿರ ಬೆರಳು ಹೋಗಬಾರದು. ಪೆನ್ಸಿಲಿನ ರಬ್ಬರ್ ತುದಿಯಿಂದ ಒತ್ತಿ ಹಿಡಿದು, ಅಲಗು ಪೂರ್ತಿ ನಿಂತ ಮೇಲೆ ಎತ್ತಿಕೊಳ್ಳುತ್ತೇನೆ. ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ಅಂಟು ಹಾಕುವ ಮೊದಲು ಹನ್ನೆರಡೂ ತುಂಡುಗಳನ್ನು ಹೋಸ್ ಕ್ಲಾಂಪಿನಲ್ಲಿ ಬಿಗಿದು ಬೆಳಕಿಗೆ ಹಿಡಿಯಿರಿ. ಸಂದಿನಲ್ಲಿ ಬೆಳಕಿನ ಗೆರೆ ಕಂಡರೆ ಅದು ನಾಳೆ ನೀರಿನ ಗೆರೆ. ಅನುಮಾನವಿದ್ದಾಗ ಅರ್ಧ ಬಳೆಗಳ ದಾರಿ ಹಿಡಿಯುವುದು ವಾಸಿ: ಆರಾರು ತುಂಡುಗಳನ್ನು ಅಂಟಿಸಿ, ಎದುರುಬದುರಿನ ಎರಡು ಸಂದುಗಳನ್ನು ಹಾಗೆಯೇ ಬಿಟ್ಟು, ಒಣಗಿದ ಮೇಲೆ ಎರಡೂ ಅರ್ಧಗಳ ಮುಖವನ್ನು ಸ್ಯಾಂಡಿಂಗ್ ಡಿಸ್ಕಿಗೆ ಒತ್ತಿ ನೇರ ಮಾಡಿ ಕೂಡಿಸುವುದು. ಕೋನದ ತಪ್ಪೆಲ್ಲ ಆ ಎರಡು ಮುಖಗಳಲ್ಲಿ ಸವೆದು ಹೋಗುತ್ತದೆ.

ಬಳೆಯೊಳಗಿನ ಸಂದುಗಳು ಹೆಚ್ಚುಕಡಿಮೆ ಎಳೆಯ ತುದಿಗೆ ತುದಿ. ಅಂಟನ್ನು ಕುಡಿದುಬಿಡುತ್ತವೆ. ಮೊದಲು ತೆಳುವಾಗಿ ಒಂದು ಕೈ ಸವರಿ, ಒಂದೆರಡು ನಿಮಿಷ ಹೀರಲು ಬಿಟ್ಟು, ಮತ್ತೊಂದು ಕೈ ಸವರಿ ಕೂಡಿಸಬೇಕು. ಬಳೆಯ ಮೇಲೆ ಬಳೆ ಕೂರಿಸುವಾಗ ಸಂದುಗಳು ಒಂದರ ಮೇಲೊಂದು ಬರದಂತೆ ಅರ್ಧ ತುಂಡಿನಷ್ಟು ತಿರುಗಿಸಿ, ಇಟ್ಟಿಗೆ ಗೋಡೆಯ ಕ್ರಮ. ಕೆಳಗಿನ ದುರ್ಬಲ ಸಂದಿಗೆ ಮೇಲಿನ ಗಟ್ಟಿ ಮರ ಪಟ್ಟಿ ಕಟ್ಟಿದಂತಾಗುತ್ತದೆ. ಬಳೆಗಳ ನಡುವಿನ ಅಂಟು ಮುಖಕ್ಕೆ ಮುಖ, ಅದರ ಚಿಂತೆ ಬೇಡ.

ಯಾವ ಅಂಟು? ಸಾಮಾನ್ಯ ಬಿಳಿ ಪಿವಿಎ ನೀರಿಗೆ ಮೆತ್ತಗಾಗುತ್ತದೆ, ಬೇಡ. ಯುರೋಪಿನ ಇಎನ್ 204 ಮಾನದಂಡದಲ್ಲಿ ಡಿ4 ದರ್ಜೆ, ಅಮೆರಿಕದ ಲೆಕ್ಕದಲ್ಲಿ ಟೈಪ್ 1 ಎಂದು ಡಬ್ಬಿಯ ಮೇಲೆ ಬರೆದಿರುವುದನ್ನು ಕೊಳ್ಳಿ. ಟೈಟ್‌ಬಾಂಡ್ 3 ಈ ಎರಡನೆಯ ವರ್ಗದ್ದು. ಇವನ್ನೂ ಸದಾ ನೀರಿನಲ್ಲಿ ಮುಳುಗಿರುವ ಕೆಲಸಕ್ಕೆ ತಯಾರಿಸಿಲ್ಲ ಎಂಬುದು ನೆನಪಿರಲಿ. ನೊರೆಯುಕ್ಕುವ ಪಾಲಿಯುರೆಥೇನ್ ಅಂಟು ಸಂದನ್ನು ತುಂಬಿದಂತೆ ಕಾಣುತ್ತದೆ, ಆ ನೊರೆಗೆ ಶಕ್ತಿಯಿಲ್ಲ.

ಮರದ ಆಯ್ಕೆಯಲ್ಲಿ ನಾನು ಜುಗ್ಗ. ಮೇಪಲ್, ಬೀಚ್, ಚೆರಿಯಂಥ ಸಣ್ಣ ರಂಧ್ರದ ಮರಗಳು ಸಾಕು. ಕೆಂಪು ಓಕ್‌ನ ಕೊಳವೆಗಳು ಎಷ್ಟು ತೆರೆದಿರುತ್ತವೆ ಎಂದರೆ ಗಿಡ್ಡ ತುಂಡೊಂದರ ಒಂದು ತುದಿಯನ್ನು ನೀರಿನಲ್ಲಿಟ್ಟು ಇನ್ನೊಂದರಿಂದ ಊದಿದರೆ ಗುಳ್ಳೆ ಬರುತ್ತದೆ. ಬಿಳಿ ಓಕ್‌ನಲ್ಲಿ ಆ ಕೊಳವೆಗಳು ಒಳಗಿನಿಂದಲೇ ಮುಚ್ಚಿಕೊಂಡಿರುತ್ತವೆ, ಪೀಪಾಯಿ ಮಾಡುವವರು ಅದನ್ನೇ ಹುಡುಕುವುದು ಅದಕ್ಕೆ. ತೇಗದಲ್ಲಿ ಎಣ್ಣೆಯಂಶವಿದೆ, ಅಂಟಿಸುವ ಮುನ್ನ ಅಸಿಟೋನಿನಲ್ಲಿ ಒರೆಸದಿದ್ದರೆ ಸಂದು ನಿಲ್ಲುವುದಿಲ್ಲ. ಬೀಟೆಯ ಪುಡಿ ಹಲವರಿಗೆ ಅಲರ್ಜಿ ತರುತ್ತದೆ. ಹೊನ್ನೆಯ ಚೇಗಿನಲ್ಲಿ ನೀರಿಟ್ಟರೆ ನೀರೇ ಬಣ್ಣ ತಿರುಗುತ್ತದೆ, ಬಿಳಿ ಮರದ ಪಕ್ಕ ಅದನ್ನು ಕೂರಿಸಿ ಮರಳುಕಾಗದ ತಿಕ್ಕಿದರೆ ಅದರ ಪುಡಿ ಬಿಳಿಯ ರಂಧ್ರಗಳಿಗೆಲ್ಲ ತುಂಬಿಕೊಳ್ಳುತ್ತದೆ. ಎಲ್ಲ ಮರಗಳೂ ಒಂದೇ ಕೋಣೆಯಲ್ಲಿ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿರಬೇಕು.

ಲೇತ್ ಹತ್ತುವ ಮೊದಲು ಅಂಟು ಪೂರ್ತಿ ಒಂದು ದಿನ ಒಣಗಲಿ. ಹನ್ನೆರಡು ಮೂಲೆಯ ದಿಂಡು ಮೊದಲಿಗೆ ಗಡಗಡ ಎನ್ನುತ್ತದೆ. ನಿಮಿಷಕ್ಕೆ 600–800 ಸುತ್ತಿನಲ್ಲಿ ಮೂಲೆ ಮುರಿದು ಗುಂಡಗಾದ ಮೇಲೆ 1500ರ ಆಸುಪಾಸಿಗೆ ಏರಿಸಿದರೆ ಸಾಕು. ಮುಖಕವಚ ಇಲ್ಲದೆ ಗುಂಡಿ ಒತ್ತಬೇಡಿ. ಹೊರಗಿನ ಗೋಡೆ ಕಡೆಯುವುದು ಹಬ್ಬ. ಸುತ್ತಲೂ ಅಡ್ಡ ಎಳೆಯೇ ಇರುವುದರಿಂದ ಉಳಿ ಎರಡೂ ದಿಕ್ಕಿಗೆ ಓಡುತ್ತದೆ. ಕಷ್ಟವಿರುವುದು ಒಳಗೆ. 65 ಮಿ.ಮೀ. ಬಾಯಿಯಲ್ಲಿ 90 ಮಿ.ಮೀ. ಆಳಕ್ಕೆ ಉಳಿ ಚಾಚಬೇಕು, ಲೇತ್‌ನಲ್ಲಿ ಉಳಿ ಒರಗಿಸುವ ಆನಿಕೆಯಿಂದ ದೂರ ಹೋದಷ್ಟೂ ಅದು ನಡುಗುತ್ತದೆ. ಮೊದಲು 40 ಮಿ.ಮೀ. ಫಾರ್ಸ್ಟ್‌ನರ್ ಬಿಟ್‌ನಿಂದ (ಚಪ್ಪಟೆ ತಳದ ಅಗಲ ತೂತು ಕೊರೆಯುವ ಬೈರಿಗೆ) ನಡುವನ್ನು ಕೊರೆದು, ಆಮೇಲೆ ದುಂಡುಮೂತಿಯ ಸ್ಕ್ರೇಪರ್ ಹಿಡಿಯುತ್ತೇನೆ. ಹೊರಗಿನ ಗೋಡೆ ದಪ್ಪವಾಗಿರುವಾಗಲೇ ಒಳಗು ಮುಗಿಸಬೇಕು. ಉಳಿ ಸರಿಯಾಗಿದ್ದರೆ ಸುಯ್ ಎಂಬ ಒಂದೇ ದನಿ, ಹೊಟ್ಟು ಮೆತ್ತಗೆ ಬರುತ್ತದೆ. ಪ್ರತಿ ಸಂದಿನಲ್ಲೂ ಟಿಕ್ ಟಿಕ್ ಎಂದರೆ ಯಾವುದೋ ತುಂಡು ಉಬ್ಬಿನಿಂತಿದೆ ಅಥವಾ ಸಂದು ಬಿಟ್ಟಿದೆ ಎಂದರ್ಥ. ಯಂತ್ರ ನಿಲ್ಲಿಸಿ ನೋಡಲೇಬೇಕು. ಕಂಠವನ್ನು 3 ಮಿ.ಮೀ.ಗೆ ಇಳಿಸಿ ದುಂಡಗೆ ಮಾಡಿ, ಅದಕ್ಕಿಂತ ತೆಳುವಾದರೆ ಕೊನೆಯ ಬಳೆಯ ಸಂದುಗಳಿಗೆ ಅಂಟಿನ ಜಾಗವೇ ಉಳಿಯುವುದಿಲ್ಲ.

ಇನ್ನು ಮೆರುಗು. ಎಣ್ಣೆ ಸವರಿದರೆ ನೀರು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಜೇನುಮೇಣ 65 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಮೊದಲೇ ಕರಗುತ್ತದೆ. ಅರಗಿನ ಮೆರುಗನ್ನು ಮದ್ಯ ಬಿಡಿಸಿಬಿಡುತ್ತದೆ. ಆಹಾರ ತಾಗಿದರೆ ತೊಂದರೆಯಿಲ್ಲ ಎಂದು ತಯಾರಕರೇ ಹೇಳಿರುವ ಎಪಾಕ್ಸಿಯನ್ನು ಒಳಮೈಗೆ ಎರಡು ಮೂರು ತೆಳು ಪದರ ಹಚ್ಚುವುದೇ ತಣ್ಣನೆಯ ಪಾನೀಯದ ಲೋಟಕ್ಕೆ ಭರವಸೆಯ ದಾರಿ. ಬಿಸಿಗೆ ಅದೂ ಸಲ್ಲದು. ಕೋಣೆಯ ಉಷ್ಣತೆಯಲ್ಲಿ ಗಟ್ಟಿಯಾಗುವ ಹೆಚ್ಚಿನ ಎಪಾಕ್ಸಿಗಳು 50–60 ಡಿಗ್ರಿಯಲ್ಲೇ ಮೆತ್ತಗಾಗತೊಡಗುತ್ತವೆ, ಕುದಿಯಿಳಿದ ಚಹಾ ಅದಕ್ಕಿಂತ ಎಷ್ಟೋ ಬಿಸಿ. ಕಾಫಿ, ಚಹಾಕ್ಕೆ ಮರದ ಲೋಟ ಬೇಕೆಂದು ಬಂದವರಿಗೆ ನಾನು ಒಳಗೆ ಸ್ಟೀಲ್ ಲೋಟ ಕೂರಿಸಿಯೇ ಕೊಡುತ್ತೇನೆ. ಕೆಲವರು ಮೂಗು ಮುರಿಯುತ್ತಾರೆ, ಮರದ ಲೋಟದಲ್ಲಿ ಸ್ಟೀಲೇ ಎಂದು. ಬಿಸಿ ಕಾಫಿಗೆ ಬರಿಯ ಮರದ್ದನ್ನು ಕೊಡಲು ನನಗೆ ಮನಸ್ಸಿಲ್ಲ.

ಕೊನೆಯ ಪದರ ಪೂರ್ತಿ ಗಟ್ಟಿಯಾಗಲು ಒಂದು ವಾರ ಬಿಟ್ಟು, ಲೋಟಕ್ಕೆ ಕಂಠಪೂರ್ತಿ ನೀರು ತುಂಬಿ ಒಣ ಕಾಗದದ ಮೇಲೆ ರಾತ್ರಿಯಿಡೀ ಇಡಿ. ಬೆಳಿಗ್ಗೆ ಕಾಗದದ ನಡುವೆ ಒದ್ದೆಯಿದ್ದರೆ ಬಿರಡೆಯ ತಪ್ಪು, ಅಂಚಿನಲ್ಲಿದ್ದರೆ ತಳದ ಬಳೆಯದು. ಗೋಡೆಯ ಹೊರಮೈಯಲ್ಲಿ ಒಂದು ಸಂದಿನ ಗುಂಟ ಬಣ್ಣ ಗಾಢವಾಗಿದ್ದರೆ ಒಳಪದರ ಅಲ್ಲಿ ತೆಳುವಾಗಿದೆ. ಹೊರಗಿನಿಂದ ತೇಪೆ ಹಾಕುವುದು ವ್ಯರ್ಥ, ನೀರು ಮರದೊಳಗೆ ನುಗ್ಗಿ ಆಗಿರುತ್ತದೆ. ಲೋಟವನ್ನು ನೆರಳಿನಲ್ಲಿ ತೂಕ ಮೊದಲಿನಷ್ಟಕ್ಕೆ ಇಳಿಯುವವರೆಗೆ ಒಣಗಿಸಿ, ಒಳಮೈಯನ್ನು ಮರಳುಕಾಗದದಲ್ಲಿ ಗೀರಿ, ಆ ಜಾಗಕ್ಕೆ ತೆಳು ಎಪಾಕ್ಸಿ ಊಡಿಸಿ ಮತ್ತೆ ಕಾಗದದ ಮೇಲಿಡಬೇಕು.